ಕಂಬಳಿ ಲೆಕ್ಕದಲ್ಲಿ ಕಾಣದ ಕೂಲಿ

ನಮ್ಮ ಪಡಸಾಲೆಯಲ್ಲಿ ಒಂದು ಕುಣಿ ಇದೆ. ಮೊಣಕಾಲು ಮುಳುಗುವಷ್ಟು ಆಳ. ನನ್ನ ತಾತ ತೋಡಿದ್ದು. ಅದರಲ್ಲಿ ಕಾಲು ಇಳಿಬಿಟ್ಟು ಕೂತು ತಾತ, ಅಪ್ಪ, ನಾನು, ಹೀಗೆ ಮೂರು ತಲೆಮಾರು ಕಂಬಳಿ ನೇಯ್ದಿದ್ದೇವೆ.

2024ರ ಯುಗಾದಿಗೆ ಊರಿಗೆ ಬಂದ ಮಗ ಆ ಕುಣಿ ನೋಡಿ, "ಅಪ್ಪಾ, ಇದನ್ನ ಮುಚ್ಚಿ ಕಡಪ ಕಲ್ಲು ಹಾಕ್ಸನ. ಇದ್ರಾಗೆ ಇನ್ಯಾರು ಕೂರ್ತಾರೆ?" ಅಂದ. ನನಗೆ ಸಿಟ್ಟು ಬಂತು. "ಇದು ನಿಮಗೆಲ್ಲ ಅನ್ನ ಹಾಕಿದ ಕುಣಿ ಕಣಲೇ" ಎಂದೆ. ಅವನು ಸುಮ್ಮನಾದ. ಕಾಲೇಜಿಗೆ ಹೋಗುವ ಮಗಳು ಮಾತ್ರ ಒಂದು ನೋಟ್‌ಬುಕ್ಕು ತಂದು ನನ್ನೆದುರು ಕೂತಳು. "ಎಷ್ಟು ಅನ್ನ ಹಾಕೈತೆ, ಲೆಕ್ಕ ಹಾಕನ ಹೇಳಪ್ಪ" ಅಂದಳು.

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಸಂತೆ ಲೆಕ್ಕದಲ್ಲಿ ನನ್ನನ್ನು ಯಾರೂ ಮೋಸ ಮಾಡಲಾರರು ಎಂಬ ಜಂಬ ಇತ್ತು. ಆ ಸಂಜೆ ಮಗಳು ಬರೆಸಿದ ಲೆಕ್ಕ ನನ್ನ ಜಂಬ ಇಳಿಸಿತು. ಹೊರಗಿನವರು ಯಾರೂ ನನಗೆ ಮೋಸ ಮಾಡಿರಲಿಲ್ಲ. ನನ್ನ ಮನೆಯಲ್ಲಿ ನಾನೇ ತಪ್ಪು ಲೆಕ್ಕ ಇಟ್ಟಿದ್ದೆ. ನನ್ನ ಹಾಗೆ ಹೊಲದ ಜೊತೆಗೆ ಮನೆಯಲ್ಲೇ ಏನಾದರೂ ಕೈಕಸುಬು ಮಾಡುವ ರೈತರಿಗೆ ಉಪಯೋಗವಾಗಬಹುದೆಂದು ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆ ತಾಲ್ಲೂಕು. ಮಳೆ ಬಹಳ ಕಡಿಮೆ ಬೀಳುವ ಸೀಮೆ. ನನಗೆ ಐದು ಎಕರೆ ಖುಷ್ಕಿ ಇದೆ. ಕಡಲೆಕಾಯಿ ಮುಖ್ಯ, ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ. ಇಪ್ಪತ್ತು ಕುರಿ ಇವೆ. ನಾವು ಹಾಲುಮತದವರು. ಕುರಿ, ಉಣ್ಣೆ, ಕಂಬಳಿ ನಮಗೆ ಹುಟ್ಟಿನಿಂದ ಬಂದದ್ದು. ಮಳೆ ಕೈಕೊಟ್ಟ ವರ್ಷ ಊರಿಗೆ ಬರುವ ದೊಡ್ಡವರೆಲ್ಲ ಒಂದೇ ಮಾತು ಹೇಳುತ್ತಾರೆ: "ಬರೀ ಹೊಲ ನಂಬಬೇಡಿ, ಉಪಕಸುಬು ಮಾಡಿ. ನಿಮ್ಮ ಕೈಯಲ್ಲೇ ಕಲೆ ಇದೆ." ಹೀಗೆ ಹೇಳಿದವರಿಗೆ ಸಭೆಯಲ್ಲಿ ನಮ್ಮದೇ ಕರಿ ಕಂಬಳಿ ಹೊದಿಸಿ ಕಳಿಸುತ್ತೇವೆ. ಹೊದ್ದುಕೊಂಡು ಹೋದವರಲ್ಲಿ ಒಬ್ಬರೂ "ಇದಕ್ಕೆ ಎಷ್ಟು ದಿನ ಹಿಡೀತು?" ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಒಂದು ಕಂಬಳಿಯ ಲೆಕ್ಕ

ಕಂಬಳಿ ಕೆಲಸ ಗೊತ್ತಿಲ್ಲದವರಿಗಾಗಿ ಎರಡು ಮಾತು. ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಅದರಲ್ಲಿ ಮುಳ್ಳು, ಹಿಕ್ಕೆ, ಮಣ್ಣು ಎಲ್ಲ ಇರುತ್ತದೆ. ಆರಿಸಿ ಬಿಡಿಸಬೇಕು. ಮೊದಲು ಬಿಲ್ಲಿನಲ್ಲಿ ಎಕ್ಕುತ್ತಿದ್ದೆವು, ಈಗ ಮಿಷನ್ನಿಗೆ ಕೊಟ್ಟು ಹಂಜಿ ಮಾಡಿಸುತ್ತೇವೆ. ಹಂಜಿಯನ್ನು ರಾಟೆಯಲ್ಲಿ ನೂಲಬೇಕು. ಇದು ಹೆಂಗಸರ ಕೆಲಸ. ಆಮೇಲೆ ಹಾಸು ಹೂಡಿ, ಹುಣಸೆ ಬೀಜ ಬೇಯಿಸಿ ಅರೆದು ಮಾಡಿದ ಗಂಜಿ ಬಳಿದು ಬಿಸಿಲಿಗೆ ಒಣಗಿಸಬೇಕು. ಇದಕ್ಕೆ ಇಬ್ಬರು ಬೇಕು. ಕೊನೆಗೆ ಕುಣಿಮಗ್ಗದಲ್ಲಿ ಕೂತು ನೇಯುವುದು. ಇದು ಗಂಡಸರ ಕೆಲಸ.

ನಮ್ಮ ಮನೆಯಲ್ಲಿ ಸುಮಾರು ಮೂರು ಕೆಜಿ ತೂಗುವ ಒಂದು ಕಂಬಳಿಗೆ ಬಿದ್ದ ಖರ್ಚು ಹೀಗಿತ್ತು. ಉಣ್ಣೆ ನಾಲ್ಕು ಕೆಜಿ, ಕೊಂಡರೆ ಕೆಜಿಗೆ 50ರಂತೆ 200 ರೂಪಾಯಿ. ಹಂಜಿ ಮಾಡಿಸಲು 120. ಹುಣಸೆ ಬೀಜ, ಸೌದೆ 80. ಬಸ್ ಚಾರ್ಜು, ಸಂತೆ ಸುಂಕ 100. ಒಟ್ಟು 500 ರೂಪಾಯಿ. ಸಂತೆಯಲ್ಲಿ ವ್ಯಾಪಾರಿ ಕೊಡುತ್ತಿದ್ದುದು 2,200. ಅಲ್ಲಿಗೆ ಉಳಿಯುವುದು 1,700 ರೂಪಾಯಿ. ಇಷ್ಟೂ ದಿನ ನಾನು ಇದನ್ನು 'ಲಾಭ' ಅನ್ನುತ್ತಿದ್ದೆ. ಎರಡು ದಿನ ಮಗ್ಗದಲ್ಲಿ ಕೂತರೆ 1,700 ಲಾಭ ಎಂದು ನಂಟರ ಮುಂದೆ ಹೇಳಿಕೊಂಡದ್ದೂ ಉಂಟು.

ಮಗಳು ಕೇಳಿದಳು, "ಎರಡು ದಿನ ಅಂತೀಯಲ್ಲ, ಅಮ್ಮನ ದಿನ ಎಲ್ಲೈತೆ?"

ಅವಳೇ ಬರೆದಳು. ಉಣ್ಣೆ ಆರಿಸಿ ಬಿಡಿಸಲು ಅವಳಮ್ಮನಿಗೆ ಒಂದು ದಿನ. ಮೂರು ಕೆಜಿ ನೂಲಲು ಏಳು ದಿನ. ನಿಜ, ನನ್ನ ಹೆಂಡತಿ ಒಂದೇ ಸಮ ಏಳು ದಿನ ರಾಟೆ ಮುಂದೆ ಕೂರುವುದಿಲ್ಲ. ಬೆಳಿಗ್ಗೆ ಸ್ವಲ್ಪ, ಹೊಲದಿಂದ ಬಂದ ಮೇಲೆ ಸ್ವಲ್ಪ, ರಾತ್ರಿ ಮುದ್ದೆ ಮಾಡಿ ಎಲ್ಲರಿಗೂ ಬಡಿಸಿದ ಮೇಲೆ ಸ್ವಲ್ಪ. ಆದರೆ ಆ ಗಂಟೆಗಳನ್ನೆಲ್ಲ ಕೂಡಿಸಿ ಎಂಟೆಂಟು ಗಂಟೆಗೆ ಒಂದು ದಿನದಂತೆ ಮಾಡಿದರೆ ಏಳು ದಿನಕ್ಕೆ ಕಡಿಮೆ ಆಗುವುದಿಲ್ಲ. ಹಾಸು, ಗಂಜಿಗೆ ನನ್ನದೊಂದು, ಅವಳದೊಂದು ದಿನ. ನೇಯಲು ನನ್ನವು ಎರಡು. ಕೂಡಿದರೆ 12 ದಿನ. ಅದರಲ್ಲಿ ಅವಳವು ಒಂಬತ್ತು, ನನ್ನವು ಮೂರು. ಸಂತೆಗೆ ಹೋದ ದಿನ ಇದರಲ್ಲಿ ಸೇರಿಲ್ಲ.

1,700ನ್ನು 12ರಿಂದ ಭಾಗಿಸಿ. 141 ರೂಪಾಯಿ ಚಿಲ್ಲರೆ. ಆ ವರ್ಷ, ಅಂದರೆ 2024-25ರಲ್ಲಿ, ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಮೂರು ತಲೆಮಾರಿನ ಕಸುಬು ಬಲ್ಲ ಕೈಗೆ ಮಣ್ಣು ಹೊರುವ ಕೈಯ ಅರ್ಧ ಕೂಲಿಯೂ ಇಲ್ಲ. 349ರ ಲೆಕ್ಕ ಹಿಡಿದರೆ ಆ ಕಂಬಳಿ 4,688 ರೂಪಾಯಿಗೆ ಹೋಗಬೇಕಿತ್ತು. ನಾನು 2,200ಕ್ಕೆ ಕೊಟ್ಟು ವ್ಯಾಪಾರಿಗೆ ಕೈಮುಗಿದು ಬರುತ್ತಿದ್ದೆ.

ವರ್ಷಕ್ಕೆ 24 ಕಂಬಳಿ ಮಾಡುತ್ತಿದ್ದೆವು. ಅಂದರೆ ನನ್ನ ಹೆಂಡತಿಯ 216 ದಿನ. ಅಡಿಗೆ, ಕಳೆ, ಕುರಿ, ನೀರು ಎಲ್ಲ ಮುಗಿಸಿದ ಮೇಲಿನ 216 ದಿನ. ನಾನು ಈ ಸಂಖ್ಯೆಯನ್ನು ಓದಿ ಹೇಳಿದಾಗ ಅವಳು ಒಲೆ ಮುಂದೆ ಕೂತಿದ್ದಳು. ತಿರುಗಿ ನೋಡದೆ, "ಈಗ ಗೊತ್ತಾತ?" ಅಂದಳು. ಉಣ್ಣೆಯ ಧೂಳಿಗೆ ಅವಳಿಗೆ ಹತ್ತು ವರ್ಷದಿಂದ ಕೆಮ್ಮು. ಆ ಔಷಧಿ ಖರ್ಚನ್ನು ನಾನು ಯಾವತ್ತೂ ಕಂಬಳಿ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೆಲೆ ಏಕೆ ಏರುವುದಿಲ್ಲ?

"ಹಾಗಾದರೆ ಬೆಲೆ ಏರಿಸಿ" ಎನ್ನಬಹುದು. ಹೇಳುವುದು ಸುಲಭ. ನಾಯಕನಹಟ್ಟಿ ಜಾತ್ರೆಯಲ್ಲಿ ನನ್ನ ಪಕ್ಕದಲ್ಲೇ ಒಬ್ಬ ಬಣ್ಣಬಣ್ಣದ ರಗ್ಗು ಗುಡ್ಡೆ ಹಾಕಿಕೊಂಡು ಕೂತಿದ್ದ. ಒಂದಕ್ಕೆ 350 ರೂಪಾಯಿ. ಉತ್ತರದ ಪಾಣಿಪತ್ತಿನಲ್ಲಿ ಹಳೆ ಉಣ್ಣೆ ಬಟ್ಟೆಗಳನ್ನು ಚಿಂದಿ ಮಾಡಿ, ಮತ್ತೆ ನೂಲು ತೆಗೆದು, ಮಿಷನ್ನಿನಲ್ಲಿ ನೇಯುವ ದೊಡ್ಡ ಉದ್ಯಮ ಇದೆ. ಅಂಥ ಸರಕು ಊರೂರಿಗೆ ಬರುತ್ತದೆ. ಕೊಳ್ಳುವವನನ್ನು ಬೈದು ಏನು ಪ್ರಯೋಜನ? ಅವನೂ ನನ್ನಂಥ ರೈತನೇ. ಚಳಿಗೆ ಮಕ್ಕಳಿಗೆ ಮೂರು ಹೊದಿಕೆ ಬೇಕು, ಜೇಬಿನಲ್ಲಿ ಸಾವಿರ ರೂಪಾಯಿ ಇದೆ. ಅವನು ಯಾವುದನ್ನು ಕೊಳ್ಳಬೇಕು? ನನ್ನ ಕಂಬಳಿ ಇಪ್ಪತ್ತು ವರ್ಷ ಬಾಳುತ್ತದೆ ಎಂಬುದು ಅವನಿಗೂ ಗೊತ್ತು. ಇಪ್ಪತ್ತು ವರ್ಷದ ದುಡ್ಡು ಒಟ್ಟಿಗೆ ಕೊಡಲು ಅವನ ಹತ್ತಿರ ಇಲ್ಲ.

ನಮ್ಮಪ್ಪನ ಕಾಲದಲ್ಲಿ ಮುಂಗಾರಿಗೆ ಮೊದಲು ಮಲೆನಾಡಿನ ಕಡೆಗೆ ಕಂಬಳಿ ಹೊರೆ ಹೋಗುತ್ತಿತ್ತು. ಗದ್ದೆ, ತೋಟದಲ್ಲಿ ಕೆಲಸ ಮಾಡುವವರು ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಪ್ಲಾಸ್ಟಿಕ್ ಬಂತು, ರೈನ್‌ಕೋಟು ಬಂತು. ಆ ಗಿರಾಕಿ ಹೋದ. ನಮ್ಮ ಹೊಲದಲ್ಲೇ ರಾಶಿ ಕಾಯಲು ಮಲಗುವ ನನ್ನ ತಮ್ಮ ಈಗ ಕಂಬಳಿ ಬದಲು ಜರ್ಕಿನ್ ಹಾಕುತ್ತಾನೆ.

ಇನ್ನು ಉಣ್ಣೆ. ಇದೊಂದು ವಿಚಿತ್ರ. ಕುರಿ ಸಾಕುವವನು ಉಣ್ಣೆಯನ್ನು ಬೇಲಿಗೆ ಎಸೆಯುತ್ತಾನೆ, ಕಂಬಳಿ ಮಾಡುವವನಿಗೆ ಒಳ್ಳೆ ಉಣ್ಣೆ ಸಿಗುವುದಿಲ್ಲ. ಕಾರಣ ಇದೆ. ಒಂದು ಕುರಿಗೆ ಒಂದು ಸಲಕ್ಕೆ ಕಾಲು ಕೆಜಿ ಉಣ್ಣೆ ಬಂದರೆ ಹೆಚ್ಚು. ಅದರ ಬೆಲೆ 12 ರೂಪಾಯಿ, ಕತ್ತರಿಸುವವನ ಕೂಲಿ ಕುರಿಗೆ 20 ರೂಪಾಯಿ. ಯಾರು ಜೋಪಾನ ಮಾಡಿ ಬೇರೆ ಬೇರೆ ವಿಂಗಡಿಸಿ ಇಡುತ್ತಾರೆ? ಈಗ ಎಲ್ಲರ ಕಣ್ಣು ಮಾಂಸದ ಮೇಲೆ. ಉಣ್ಣೆಯ ಕರಿ ಕುರಿ ಬಿಟ್ಟು ಆಂಧ್ರದ ಕಡೆಯ ಎತ್ತರದ ಕೂದಲು ಕುರಿ ತರುತ್ತಾರೆ. ತೂಕ ಬರುತ್ತದೆ, ಕತ್ತರಿಸುವ ರಗಳೆ ಇಲ್ಲ. ಅವರದು ತಪ್ಪು ಎನ್ನಲಾರೆ. ನಾನೂ ಎರಡು ವರ್ಷದ ಹಿಂದೆ ಅಂಥದೇ ಟಗರು ತಂದೆ.

ಮೇಯಿಸುವ ಜಾಗವೂ ಕಡಿಮೆ ಆಯಿತು. ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ 2008ರ ನಂತರದ ವರ್ಷಗಳಲ್ಲಿ ಬೇರೆ ಬೇರೆ ಸಂಸ್ಥೆಗಳ ಪಾಲಾಯಿತು. ಹುಲ್ಲುಗಾವಲು ಹೋದರೆ ಕುರಿ ಕಡಿಮೆ, ಕುರಿ ಕಡಿಮೆಯಾದರೆ ಉಣ್ಣೆ ಕಡಿಮೆ. ಮಗ್ಗ ಮನೆಯೊಳಗಿದ್ದರೂ ಅದರ ಬೇರು ಕಾವಲಿನಲ್ಲಿತ್ತು ಎಂಬುದು ನಮಗೆ ತಡವಾಗಿ ಹೊಳೆಯಿತು.

ಸಾಲ ಮದ್ದಲ್ಲ

ಕಸುಬುದಾರರಿಗೆ ಸಾಲ ಸಿಗುತ್ತದೆ, ತೊಗೊಳ್ಳಿ ಎನ್ನುತ್ತಾರೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಶುರು ಮಾಡಿದ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಮೊದಲ ಕಂತು ಒಂದು ಲಕ್ಷ ರೂಪಾಯಿ, ಬಡ್ಡಿ ಶೇಕಡ 5. ಬುಟ್ಟಿ, ಚಾಪೆ, ಪೊರಕೆ ಮಾಡುವವರು ಆ ಪಟ್ಟಿಯಲ್ಲಿದ್ದಾರೆ. ಕಂಬಳಿ ನೇಯುವವರು ಇಲ್ಲ. ಇಲ್ಲವಲ್ಲ ಎಂದು ಮೊದಲು ಬೇಜಾರಾಗಿತ್ತು. ಲೆಕ್ಕ ಹಾಕಿದ ಮೇಲೆ ಆ ಬೇಜಾರು ಹೋಯಿತು.

ದಿನಕ್ಕೆ 141 ರೂಪಾಯಿ ಹುಟ್ಟುವ ಕೆಲಸಕ್ಕೆ ಒಂದು ಲಕ್ಷ ಸಾಲ ತಂದರೆ ಏನಾಗುತ್ತದೆ? ಇನ್ನೊಂದು ರಾಟೆ, ಇನ್ನೊಂದು ಮಗ್ಗ. ಅದರಲ್ಲೂ 141 ರೂಪಾಯಿಯೇ. ಜೊತೆಗೆ ಕಂತು ಬೇರೆ. ಕಡಲೆಕಾಯಿಗೆ ಸಾಲ ಮಾಡಿ ನಾವು ಈ ಪಾಠ ಒಮ್ಮೆ ಕಲಿತಿದ್ದೇವೆ. ಬೆಲೆ ಇಲ್ಲದ ಬೆಳೆಗೆ ಬಂಡವಾಳ ಹೆಚ್ಚಿಸಿದರೆ ನಷ್ಟವೇ ಹೆಚ್ಚುತ್ತದೆ. ಸಾಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕೊಳ್ಳುವವರು ಇದ್ದು, ಸಲಕರಣೆ ಇಲ್ಲದೆ ನಿಂತವನಿಗೆ ಸಾಲ ಬೇಕು. ನಮ್ಮಲ್ಲಿ ಸಲಕರಣೆ ಇದೆ, ಕೂಲಿ ಗಿಟ್ಟುವ ಬೆಲೆಗೆ ಕೊಳ್ಳುವವರಿಲ್ಲ.

"ಬಂದಷ್ಟು ಬಂತು" ಎಂಬ ಮಾತು

ಈ ಲೆಕ್ಕವನ್ನು ನಮ್ಮ ಓಣಿಯ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ನಕ್ಕರು. "ಬ್ಯಾಸಿಗ್ಯಾಗೆ ಸುಮ್ನೆ ಕೂತು ಏನ್ ಮಾಡ್ತೀಯ? ಮನೆ ಹೆಂಗಸ್ರಿಗೆ ಯಾರ್ ಕೂಲಿ ಹಾಕ್ತಾರಪ್ಪ? ಬಂದಷ್ಟು ಬಂತು ಅನ್ಕಾ" ಎಂದರು.

ಅವರ ಮಾತಿನಲ್ಲಿ ಅರ್ಧ ನಿಜ ಇದೆ. 2023ರ ಬರದಲ್ಲಿ ನನ್ನ ಹೊಲದಿಂದ ಬಿತ್ತಿದ ಬೀಜವೂ ವಾಪಸ್ ಬರಲಿಲ್ಲ. ಆಗ ಮನೆ ನಡೆದದ್ದು ಕುರಿ ಮತ್ತು ಕಂಬಳಿಯಿಂದ. ಅಂಗಡಿ ಬಾಕಿ ತೀರಿದ್ದು, ಮಗಳ ಫೀಸು ಕಟ್ಟಿದ್ದು ಕಂಬಳಿ ಮಾರಿದ ದುಡ್ಡಿನಿಂದ. ಆ ಉಪಕಾರ ಮರೆತರೆ ನಾನು ಮನುಷ್ಯನಲ್ಲ. ಕೈಯಲ್ಲಿ ಕಸುಬು ಇದ್ದವನು ಬರದಲ್ಲಿ ಬೆಂಗಳೂರು ಬಸ್ಸು ಹತ್ತುವುದು ಸ್ವಲ್ಪ ತಡವಾಗುತ್ತದೆ.

ಆದರೆ ಉಳಿದರ್ಧ ತಪ್ಪು. ಮನೆಯವರ ಕೂಲಿಗೆ ಸೊನ್ನೆ ಹಾಕಿದರೆ ಯಾವ ಕಸುಬೂ ಲಾಭದ್ದಾಗಿಯೇ ಕಾಣುತ್ತದೆ. ಹಾಗೆ ಕಂಡದ್ದರಿಂದಲೇ ನಾವು ಅದನ್ನು ಸಿಕ್ಕ ಬೆಲೆಗೆ ಮಾರುತ್ತೇವೆ. ನಾವು ಮಾರಿದ್ದೇ ಸಂತೆ ಬೆಲೆಯಾಗುತ್ತದೆ. ಆಮೇಲೆ ವ್ಯಾಪಾರಿಯನ್ನು ಬೈಯುತ್ತೇವೆ. ಮೊದಲು ನನ್ನ ಹೆಂಡತಿಯ ದುಡಿತಕ್ಕೆ ಬೆಲೆ ಇಲ್ಲ ಎಂದು ತೀರ್ಮಾನಿಸಿದವನು ನಾನು. ವ್ಯಾಪಾರಿ ಆ ತೀರ್ಮಾನವನ್ನು ಒಪ್ಪಿಕೊಂಡ, ಅಷ್ಟೆ.

ಹೊಲದಲ್ಲೂ ನಾವು ಮಾಡುವುದು ಇದನ್ನೇ. ಕಡಲೆಕಾಯಿ ಲೆಕ್ಕದಲ್ಲಿ ಬೀಜ, ಗೊಬ್ಬರ, ಟ್ರ್ಯಾಕ್ಟರು ಬರೆಯುತ್ತೇವೆ. ಕಳೆ ತೆಗೆದ ಹೆಂಡತಿ, ಕಾಯಿ ಬಿಡಿಸಿದ ತಾಯಿ, ರಾತ್ರಿ ಹಂದಿ ಕಾದ ನಾನು ಆ ಕಾಗದದಲ್ಲಿ ಇರುವುದೇ ಇಲ್ಲ. ಇಂಥ ಹೊಲದ ನಷ್ಟವನ್ನು ಇಂಥದೇ ಕಸುಬಿನ 'ಲಾಭ'ದಿಂದ ತುಂಬುತ್ತೇವೆ ಎನ್ನುವುದು ಒಂದು ತೂತು ಮಡಕೆಯ ನೀರನ್ನು ಇನ್ನೊಂದು ತೂತು ಮಡಕೆಗೆ ಸುರಿದ ಹಾಗೆ.

ನಾವು ಮಾಡಿಕೊಂಡ ಬದಲಾವಣೆ

ಆ ಯುಗಾದಿ ಆದ ಮೇಲೆ ಮನೆಯಲ್ಲಿ ಕೂತು ನಾಲ್ಕು ಮಾತು ಗೊತ್ತು ಮಾಡಿಕೊಂಡೆವು. ಒಂದು, ಗಿರಾಕಿ ಹೇಳಿ ಅರ್ಧ ದುಡ್ಡು ಮುಂಗಡ ಕೊಟ್ಟರೆ ಮಾತ್ರ ರಾಟೆ ತಿರುಗಬೇಕು. ಎರಡು, ಬೆಲೆ 3,500. ನಂಟನಾದರೂ ಅಷ್ಟೇ, ಸಾಲ ಇಲ್ಲ. ಮೂರು, ದುಡ್ಡು ಬಂದ ತಕ್ಷಣ ನೂಲಿನ ಕೂಲಿ, ಕೆಜಿಗೆ 600ರಂತೆ ಮೂರು ಕೆಜಿಗೆ 1,800 ರೂಪಾಯಿ, ನನ್ನ ಹೆಂಡತಿಯ ಕೈಗೆ ಹೋಗಬೇಕು. ನಾಲ್ಕು, ಉಣ್ಣೆ ಬಿಡಿಸುವಾಗ ಮೂಗಿಗೆ ಬಟ್ಟೆ ಕಟ್ಟದೆ ಕೂರಬಾರದು.

ಒಂದು ವರ್ಷದಲ್ಲಿ ಹೋದದ್ದು ಬರೀ ಒಂಬತ್ತು ಕಂಬಳಿ. ಬೀರಪ್ಪನ ಗುಡಿಗಳಲ್ಲಿ ಗದ್ದುಗೆಗೆ ಹಾಸಲು ನಾಲ್ಕು. ಸೊಂಟನೋವಿಗೆ ಕಂಬಳಿ ಮೇಲೇ ಮಲಗಬೇಕು ಎನ್ನುವ ಮೇಷ್ಟ್ರೊಬ್ಬರಿಗೆ ಒಂದು. ಅವರ ಮಾತು ಕೇಳಿ ಬಂದವರಿಗೆ ನಾಲ್ಕು. ಸಂತೆ ವ್ಯಾಪಾರಿ ಆ ಬೆಲೆಗೆ ಒಂದನ್ನೂ ಮುಟ್ಟಲಿಲ್ಲ.

ಒಂಬತ್ತಕ್ಕೆ 31,500 ರೂಪಾಯಿ. ಖರ್ಚು 4,500 ಕಳೆದು 27,000. ದುಡಿದ ದಿನ 108. ದಿನಕ್ಕೆ 250 ಬಿತ್ತು. ಹಿಂದೆ 24 ಕಂಬಳಿಗೆ 40,800 ಬರುತ್ತಿತ್ತು, ಆದರೆ 288 ದಿನ ತಿನ್ನುತ್ತಿತ್ತು. ಉಳಿದ 180 ದಿನದಲ್ಲಿ ಮೂವತ್ತು ದಿನ ನನ್ನ ಹೆಂಡತಿ ಬದು ಕೆಲಸಕ್ಕೆ ಹೋದಳು. 349ರಂತೆ 10,470 ಅವಳ ಖಾತೆಗೇ ಬಂತು. ಎರಡೂ ಸೇರಿ 37,470. ಹಿಂದಿನದಕ್ಕಿಂತ ಮೂರು ಸಾವಿರ ಚಿಲ್ಲರೆ ಕಡಿಮೆ. ಆದರೆ ಮನೆಗೆ ನೂರೈವತ್ತು ದಿನ ಉಳಿಯಿತು. ಅವಳ ಕೆಮ್ಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ಇದನ್ನು ಯಶಸ್ಸಿನ ಕಥೆ ಎಂದು ಯಾರೂ ತಿಳಿಯಬಾರದು. 250 ಅಂದರೂ 349 ಅಲ್ಲ. ಮುಂದಿನ ವರ್ಷಗಳಲ್ಲಿ ಒಂಬತ್ತು ಗಿರಾಕಿ ಸಿಗುತ್ತಾರೆಂಬ ಖಾತ್ರಿ ಇಲ್ಲ. ಊರವರೆಲ್ಲ ಇದೇ ಬೆಲೆ ಹೇಳಿದರೆ ಗುಡಿಗಳೂ ಮೇಷ್ಟ್ರುಗಳೂ ಎಷ್ಟು ಜನಕ್ಕೆ ಸಾಲುತ್ತಾರೆ? ಆದ್ದರಿಂದ ಕಂಬಳಿಯಿಂದ ಸಂಸಾರ ನಡೆಯುತ್ತದೆ ಎಂದು ನಾನು ಹೇಳಲಾರೆ. ಮಗನಿಗೆ "ಬಾ, ಕುಣಿಯಲ್ಲಿ ಕೂರು" ಎಂದು ಕರೆಯುವ ಧೈರ್ಯವೂ ನನಗಿಲ್ಲ. ಹೊಲ, ಕುರಿ, ಕೂಲಿ, ಈ ಮೂರರ ಜೊತೆಗೆ ನಾಲ್ಕನೆಯದಾಗಿ ಅದು ಇರಬಹುದು. ಅದೊಂದನ್ನೇ ನಂಬಿದರೆ ಮುಳುಗುತ್ತೇವೆ.

ನನ್ನ ಕೋರಿಕೆ ಎರಡು. ಸಭೆಗಳಲ್ಲಿ ಕಂಬಳಿ ಹೊದ್ದುಕೊಳ್ಳುವವರಿಗೆ ಒಂದು: ಈ ಕಸುಬು ಉಳಿಯಬೇಕು ಎಂದು ನಿಜವಾಗಿ ಅನ್ನಿಸಿದರೆ, 12 ದಿನದ ಕೂಲಿ ಹಿಡಿದು ಬೆಲೆ ಕಟ್ಟಿ ಸರ್ಕಾರದ ಹಾಸ್ಟೆಲುಗಳಿಗೆ ಕೊಳ್ಳಿ. ಉಣ್ಣೆ ವಿಂಗಡಿಸಿ ಕೊಂಡು ಹಂಜಿ ಮಾಡಿಕೊಡುವ ಮಿಷನ್ನನ್ನು ಹೋಬಳಿಗೊಂದು ಹಾಕಿ. ಅದು ಆಗದಿದ್ದರೆ "ಉಪಕಸುಬು ಮಾಡಿ" ಎನ್ನುವ ಭಾಷಣ ಬೇಡ.

ಎರಡನೆಯದು ನನ್ನಂಥ ರೈತ ಮಿತ್ರರಿಗೆ. ನಿಮ್ಮ ಮನೆಯಲ್ಲೂ ಏನಾದರೂ ನಡೆಯುತ್ತಿರಬಹುದು. ಈಚಲು ಪೊರಕೆ, ಬಿದಿರು ಬುಟ್ಟಿ, ಹಪ್ಪಳ, ಊದುಬತ್ತಿ, ಕೌದಿ ಹೊಲಿಗೆ. ಒಂದು ನೋಟ್‌ಬುಕ್ಕು ಇಡಿ. ಮನೆಯವರು ಯಾರು ಎಷ್ಟು ಹೊತ್ತು ಕೂತರು ಎಂದು ಒಂದು ತಿಂಗಳು ಬರೆಯಿರಿ. ಗಂಡಸರೇ ಬರೆಯಬೇಡಿ, ಹೆಂಗಸರನ್ನು ಕೇಳಿ ಬರೆಯಿರಿ. ಬಂದ ಲೆಕ್ಕವನ್ನು, ಲಾಭವೋ ನಷ್ಟವೋ, ಈ ಪತ್ರಿಕೆಗೆ ಕಳಿಸಿ. ಹತ್ತು ಮನೆಯ ಲೆಕ್ಕ ಒಂದು ಕಡೆ ಅಚ್ಚಾದರೆ, ಬೆಲೆ ಕೇಳುವಾಗ ನಮಗೊಂದು ಆಧಾರ ಆಗುತ್ತದೆ.

ಕುಣಿಯನ್ನು ಇನ್ನೂ ಮುಚ್ಚಿಲ್ಲ. ಬೇಡಿಕೆ ಇಲ್ಲದ ದಿನ ಮೇಲೆ ಹಲಗೆ ಹಾಕಿ ಕಡಲೆಕಾಯಿ ಚೀಲ ಒಟ್ಟುತ್ತೇವೆ. ಯಾರಾದರೂ ಮುಂಗಡ ಕೊಟ್ಟರೆ ಚೀಲ ಸರಿಸಿ ಇಳಿಯುತ್ತೇನೆ. ಅದಕ್ಕೂ ಮೊದಲು ಹೆಂಡತಿಯನ್ನು ಕೇಳುತ್ತೇನೆ, "ನೂಲ್ತೀಯಾ?" ಎಂದು. ಹೋದ ತಿಂಗಳು ಬಂದ ಒಂದು ಬೇಡಿಕೆಗೆ ಅವಳು, "ಈಗ ಆಗಲ್ಲ, ತೊಗರಿ ಬಿಡಿಸೋದೈತೆ" ಅಂದಳು. ಬಂದವರನ್ನು ತೊಗರಿ ಮುಗಿದ ಮೇಲೆ ಬನ್ನಿ ಎಂದು ಕಳಿಸಿದೆ.